ಬಾಟಲಿ ಸೇದಿದ ಬೀಡಿ: ನಮ್ಮ ಪ್ರಯೋಗ ಹೇಳದೆ ಬಿಟ್ಟದ್ದು

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನಗಳಲ್ಲಿ ಈ ಪ್ರಯೋಗವನ್ನು ನೀವು ನೋಡಿಯೇ ಇರುತ್ತೀರಿ. ಒಂದು ಪ್ಲಾಸ್ಟಿಕ್ ಬಾಟಲಿ, ತಳದಲ್ಲಿ ಸಣ್ಣ ತೂತು, ಒಳಗೆ ತುಂಬ ನೀರು. ಮುಚ್ಚಳದ ರಂಧ್ರದಲ್ಲಿ ಹೊತ್ತಿಸಿದ ಬೀಡಿ ಇಲ್ಲವೆ ಸಿಗರೇಟು, ಅದರ ಕೆಳಗೆ ಬಿಳಿ ಹತ್ತಿ. ತಳದ ತೂತು ತೆರೆದರೆ ನೀರು ಇಳಿಯುತ್ತದೆ. ಬಾಟಲಿಯೊಳಗಿನ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿ ಬೀಡಿಯ ಮೂಲಕ ಒಳನುಗ್ಗುತ್ತದೆ. ಅಂದರೆ ಬಾಟಲಿ ಬೀಡಿ ಸೇದುತ್ತದೆ! ಕೆಲವೇ ನಿಮಿಷಗಳಲ್ಲಿ ಹತ್ತಿ ಹಳದಿಯಾಗಿ ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. "ನಿಮ್ಮ ಶ್ವಾಸಕೋಶವೂ ಹೀಗೆಯೇ ಆಗುತ್ತದೆ" ಎಂದು ವಿದ್ಯಾರ್ಥಿ ಘೋಷಿಸುತ್ತಾನೆ. ನೋಡುವವರು ಮುಖ ಸಿಂಡರಿಸುತ್ತಾರೆ. ಪ್ರಯೋಗ ಯಶಸ್ವಿ.

ಭೌತಶಾಸ್ತ್ರ ಕಲಿಸುವ ನಾನು ಶಿಗ್ಗಾಂವದಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಈ ಪ್ರಯೋಗವನ್ನು ಎಷ್ಟೋ ಸಲ ಮಾಡಿಸಿದ್ದೇನೆ. ಒಮ್ಮೆ ಪ್ರದರ್ಶನ ನೋಡಲು ಬಂದಿದ್ದ ಹಿರಿಯರೊಬ್ಬರು ಹತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹತ್ತಿ ಜಿನ್ನಿನಲ್ಲಿ ದುಡಿದವರು, ಬೀಡಿಯೂ ಇತ್ತು, ನಾಲ್ಕು ಮೆಟ್ಟಿಲು ಹತ್ತಿ ಬಂದುದಕ್ಕೇ ಏದುಸಿರು ಬಿಡುತ್ತಿದ್ದರು. ಅವರು ಕೇಳಿದ್ದು ಇಷ್ಟು: "ಸರ, ಅರಿವಿಗೆ ಹತ್ತಿದ ಮಸಿ ತೊಳದ್ರ ಹೋಗತೈತಿ. ಎದಿಯಾಗಿನ ಮಸಿ ತೊಳ್ಯಾಕ ನಾವು ರಾತ್ರಿ ಬೆಲ್ಲ ತಿಂತೀವಿ. ಮತ್ತ ತೊಂದ್ರಿ ಏನ್ರಿ?"

ಬೆಲ್ಲ ಅನ್ನನಾಳಕ್ಕೆ ಹೋಗುತ್ತದೆ, ಶ್ವಾಸನಾಳಕ್ಕಲ್ಲ ಎಂದು ಹೇಳಿ ನಾನು ಜಾಣನಾದೆ. ಆದರೆ ಮನೆಗೆ ಬಂದ ಮೇಲೆ ಅನ್ನಿಸಿತು: ತಪ್ಪು ಅವರದಲ್ಲ. ಕಾಯಿಲೆ ಎಂದರೆ ಮಸಿ ಎಂದು ಅವರಿಗೆ ತೋರಿಸಿಕೊಟ್ಟವರು ನಾವು. ಮಸಿಯಾದರೆ ತೊಳೆಯಬಹುದು ಎಂಬುದು ನಮ್ಮ ಪ್ರಯೋಗದಿಂದಲೇ ಹೊರಡುವ ನೇರ ತರ್ಕ. ಈ ಲೇಖನ ಆ ಪ್ರಯೋಗದ ವಿಮರ್ಶೆ. ಹಾಗೆಯೇ ನಮ್ಮ ಕರಪತ್ರ, ಭಾಷಣಗಳಲ್ಲಿ ಅದರ ಜೊತೆಗೇ ಬರುವ "ಧೂಮಪಾನದಿಂದ ರೋಗನಿರೋಧಕ ಶಕ್ತಿ ಕುಂದುತ್ತದೆ" ಎಂಬ ವಾಕ್ಯದ ವಿಮರ್ಶೆಯೂ ಹೌದು.

ಹತ್ತಿಗೆ ಜೀವವಿಲ್ಲ

ಮೊದಲು ಪ್ರಯೋಗದ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡೋಣ. ಹೊಗೆ ಬರಿಯ ಅನಿಲವಲ್ಲ, ಅದರಲ್ಲಿ ಅಂಟುವ ಕಣಗಳಿವೆ ಎಂಬುದನ್ನು ಅದು ಪ್ರಾಮಾಣಿಕವಾಗಿ ತೋರಿಸುತ್ತದೆ. ಈ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರೋಮೀಟರಿಗಿಂತ ಚಿಕ್ಕವು. ದೊಡ್ಡ ದೂಳಿನ ಕಣ ಮೂಗಿನಲ್ಲೋ ಗಂಟಲಿನಲ್ಲೋ ಬಡಿದು ನಿಲ್ಲುತ್ತದೆ. ಇಷ್ಟು ಸಣ್ಣ ಕಣ ಗಾಳಿಯ ಜೊತೆಗೇ ತಿರುವುಗಳನ್ನು ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಹೋಗುತ್ತದೆ. ಅಂಥ ಗೂಡುಗಳು ನಮ್ಮಲ್ಲಿ 30ರಿಂದ 50 ಕೋಟಿ ಇವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರಿನಷ್ಟು ಜಾಗ ಬೇಕು.

ಪ್ರಯೋಗ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಕಥೆ ಇಲ್ಲಿಂದ ಶುರುವಾಗುತ್ತದೆ. ಹತ್ತಿಗೆ ಜೀವವಿಲ್ಲ, ಅದು ಹೊಗೆಯನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಗೂಡಿನಲ್ಲಿ ಕಾವಲಿದೆ. ಮ್ಯಾಕ್ರೋಫೇಜ್ ಎಂಬ ದೊಡ್ಡ ಜೀವಕೋಶಗಳು ಗೂಡಿನ ಗೋಡೆಯ ಮೇಲೆ ಓಡಾಡುತ್ತ, ಒಳಬಂದ ಕಣವನ್ನೂ ಬ್ಯಾಕ್ಟೀರಿಯವನ್ನೂ ನುಂಗುತ್ತವೆ. ಸೇದುವವರಲ್ಲಿ ಇವುಗಳ ಸಂಖ್ಯೆ ಹಲವು ಪಟ್ಟು ಹೆಚ್ಚುತ್ತದೆ. 1974ರಲ್ಲಿ ಡೆನ್ನಿಸ್ ನೀವೋನರ್ ಮತ್ತು ಸಂಗಡಿಗರು ಅಕಾಲಿಕವಾಗಿ ತೀರಿಕೊಂಡ ಹರೆಯದ ಧೂಮಪಾನಿಗಳ ಶ್ವಾಸಕೋಶಗಳನ್ನು ಪರೀಕ್ಷಿಸಿದರು. ಸಣ್ಣ ಶ್ವಾಸನಾಳಗಳಲ್ಲಿ ಕಂದು ಬಣ್ಣದ ಮ್ಯಾಕ್ರೋಫೇಜುಗಳು ಗುಂಪುಗಟ್ಟಿದ್ದವು. ಕೆಮ್ಮು, ದಮ್ಮು ಏನೂ ಕಾಣಿಸದ ವಯಸ್ಸಿನಲ್ಲೇ ಒಳಗೆ ಗದ್ದಲ ಶುರುವಾಗಿತ್ತು. ಕಂದು ಬಣ್ಣ ಅಲ್ಲಿಯೂ ಇತ್ತು, ನಿಜ. ಆದರೆ ಅದು ಇದ್ದದ್ದು ಜೀವಕೋಶದ ಹೊಟ್ಟೆಯಲ್ಲಿ. ಆ ಜೀವಕೋಶ ಸುಮ್ಮನೆ ಕೂತಿರುವುದಿಲ್ಲ.

ಕೆರಳಿದ ಮ್ಯಾಕ್ರೋಫೇಜ್ ರಾಸಾಯನಿಕ ಸಂಕೇತಗಳನ್ನು ಹೊರಬಿಟ್ಟು ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸುತ್ತದೆ. ನ್ಯೂಟ್ರೋಫಿಲಿನ ಬತ್ತಳಿಕೆಯಲ್ಲಿ ಎಲಾಸ್ಟೇಸ್ ಎಂಬ ಕಿಣ್ವವಿದೆ. ಸೋಂಕು ಬಂದಾಗ ಬ್ಯಾಕ್ಟೀರಿಯಗಳನ್ನು ಕೊಲ್ಲಲು ನೆರವಾಗುವ ಕಿಣ್ವ ಇದು. ಆದರೆ ಬ್ಯಾಕ್ಟೀರಿಯವಿಲ್ಲದೆ ಬರಿಯ ಹೊಗೆ ಬಂದಾಗಲೂ ಅದು ಬಿಡುಗಡೆಯಾಗುತ್ತದೆ. ಆಗ ಕತ್ತರಿಸಲು ಸಿಗುವುದು ನಮ್ಮದೇ ಶ್ವಾಸಕೋಶದ ಎಲಾಸ್ಟಿನ್ ಎಳೆಗಳು. ದಿನವೂ ಬೀಡಿ, ದಿನವೂ ಕರೆ, ದಿನವೂ ಕತ್ತರಿ. ಹೀಗೆ ಇಪ್ಪತ್ತು, ಮೂವತ್ತು ವರ್ಷ.

ಇದು ಊಹೆಯ ಮಾತಲ್ಲ. 1963ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್ಸನ್ ಸುಮಾರು 1500 ರಕ್ತಸಾರದ ಮಾದರಿಗಳನ್ನು ನೋಡುವಾಗ ಐದರಲ್ಲಿ ಒಂದು ಪ್ರೋಟೀನಿನ ಪಟ್ಟೆಯೇ ಕಾಣಿಸಲಿಲ್ಲ. ಆ ಐವರಲ್ಲಿ ಮೂವರಿಗೆ ಶ್ವಾಸಕೋಶದ ಕಾಯಿಲೆಯಿತ್ತು. ಕಾಣೆಯಾಗಿದ್ದುದು ಆಲ್ಫಾ-1 ಆಂಟಿಟ್ರಿಪ್ಸಿನ್. ಎಲಾಸ್ಟೇಸ್ ಎಂಬ ಕತ್ತರಿಗೆ ಒರೆ ತೊಡಿಸುವ ಪ್ರೋಟೀನು ಇದೇ. ಹುಟ್ಟಿನಿಂದಲೇ ಒರೆ ಇಲ್ಲದವರು ವಿರಳ. ಆದರೆ ತಂಬಾಕಿನ ಹೊಗೆಯಲ್ಲಿರುವ ಉತ್ಕರ್ಷಕ ಅಣುಗಳು ಇದ್ದ ಒರೆಯನ್ನೇ ಕೆಡಿಸುತ್ತವೆ. ಹೊಗೆ ಒಂದು ಕೈಯಿಂದ ಕತ್ತರಿಗಳನ್ನು ಕರೆಸಿ, ಇನ್ನೊಂದು ಕೈಯಿಂದ ಒರೆಯನ್ನು ಕಸಿಯುತ್ತದೆ.

1997ರಲ್ಲಿ ಅಮೆರಿಕದ ಸ್ಟೀವನ್ ಶಪೀರೊ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮ್ಯಾಕ್ರೋಫೇಜುಗಳು ತಾವೇ ತಯಾರಿಸುವ ಒಂದು ಎಲಾಸ್ಟೇಸ್ ಇಲ್ಲದಂತೆ ಮಾಡಿದ ಇಲಿಗಳನ್ನೂ ಸಾಮಾನ್ಯ ಇಲಿಗಳನ್ನೂ ತಿಂಗಳುಗಟ್ಟಲೆ ಸಿಗರೇಟಿನ ಹೊಗೆಯಲ್ಲಿ ಇಟ್ಟರು. ಸಾಮಾನ್ಯ ಇಲಿಗಳ ಗಾಳಿಗೂಡುಗಳು ಹರಿದು ದೊಡ್ಡವಾದವು. ಕಿಣ್ವವಿಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. ಹೊಗೆ ಎರಡಕ್ಕೂ ಒಂದೇ, ವ್ಯತ್ಯಾಸವಿದ್ದದ್ದು ಕಾವಲುಗಾರನ ಕೈಯಲ್ಲಿದ್ದ ಕತ್ತರಿಯಲ್ಲಿ. ನಮ್ಮ ಬಾಟಲಿ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಇಲಿ ಮನುಷ್ಯನಲ್ಲ ಎಂಬ ಆಕ್ಷೇಪ ಸರಿಯೇ. ಮನುಷ್ಯರಲ್ಲಿ ಕತ್ತರಿ ಒಂದೇ ಅಲ್ಲ. 1990ರ ದಶಕದ ಕೊನೆಯಲ್ಲಿ ಇಟಲಿಯ ಮರೀನಾ ಸಯೆಟ್ಟಾ ಮೊದಲಾದವರು ರೋಗಿಗಳ ಶ್ವಾಸನಾಳದ ಗೋಡೆಯಲ್ಲಿ ಸಿಡಿ8 ಎಂಬ ಟಿ-ಜೀವಕೋಶಗಳು ಹೆಚ್ಚಿರುವುದನ್ನು ತೋರಿಸಿದರು. ವೈರಸ್ಸು ಹೊಕ್ಕ ಜೀವಕೋಶವನ್ನು ಗುರುತಿಸಿ ಕೊಲ್ಲುವುದು ಇವುಗಳ ಕೆಲಸ. 2004ರಲ್ಲಿ ಕೆನಡಾದ ಜೇಮ್ಸ್ ಹಾಗ್ ಮತ್ತು ಸಂಗಡಿಗರು, ಕಾಯಿಲೆ ತೀವ್ರವಾದಂತೆ ಸಣ್ಣ ಶ್ವಾಸನಾಳಗಳ ಗೋಡೆ ದಪ್ಪವಾಗುವುದನ್ನೂ ಅಲ್ಲಿ ಲಿಂಫೋಸೈಟುಗಳು ಗಂಟುಗಂಟಾಗಿ ಬೀಡುಬಿಡುವುದನ್ನೂ ಕಂಡರು. ಬಂದುಹೋಗಬೇಕಾಗಿದ್ದ ಸೈನ್ಯ ಅಲ್ಲಿಯೇ ಠಾಣೆ ಹಾಕಿತ್ತು.

ಹರಿದ ಹಗ್ಗ, ಕುಸಿದ ಗುಡಾರ

ಎಲಾಸ್ಟಿನ್ ಎಳೆ ಕತ್ತರಿಸಿದರೆ ಏನಾಗುತ್ತದೆ? ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಉಸಿರು ಎಳೆಯಲು ಸ್ನಾಯು ಬೇಕು. ಬಿಡಲು ಸಾಮಾನ್ಯವಾಗಿ ಬೇಡ, ಹಿಗ್ಗಿದ ಶ್ವಾಸಕೋಶ ರಬ್ಬರಿನಂತೆ ತಾನೇ ಕುಗ್ಗುತ್ತದೆ. ಇನ್ನೊಂದು ಸಂಗತಿ: ತೀರ ಸಣ್ಣ ಶ್ವಾಸನಾಳಗಳಿಗೆ ಮೃದ್ವಸ್ಥಿಯ ಬಳೆಗಳಿಲ್ಲ. ಜಾತ್ರೆಯ ಗುಡಾರವನ್ನು ಸುತ್ತಲಿನ ಹಗ್ಗಗಳು ಎಳೆದು ನಿಲ್ಲಿಸುವಂತೆ, ಸುತ್ತಲಿನ ಗಾಳಿಗೂಡುಗಳ ಗೋಡೆಗಳು ಈ ನಾಳಗಳನ್ನು ಎಲ್ಲ ಕಡೆಗೂ ಎಳೆದು ತೆರೆದಿಡುತ್ತವೆ. ಎಳೆಗಳು ಹರಿದರೆ ಎರಡು ನಷ್ಟ ಒಟ್ಟಿಗೆ: ಗಾಳಿಯನ್ನು ಹೊರನೂಕುವ ಬಲವೂ ಇಲ್ಲ, ಹೊರಹೋಗುವ ದಾರಿಯೂ ಕುಸಿಯುತ್ತದೆ. ನಾಳದ ತ್ರಿಜ್ಯ ಅರ್ಧವಾದರೆ ಅದರ ತಡೆ ಎರಡು ಪಟ್ಟಲ್ಲ, ಪ್ವಾಸೆಯ ನಿಯಮದಂತೆ 16 ಪಟ್ಟು. ಒಳಹೋದ ಗಾಳಿ ಹೊರಬರದೆ ಸಿಕ್ಕಿಕೊಳ್ಳುತ್ತದೆ. ದೀರ್ಘಕಾಲದ ಶ್ವಾಸಕೋಶ ಅಡಚಣೆ ರೋಗ, ಅಂದರೆ ಸಿ.ಓ.ಪಿ.ಡಿ., ಇರುವವರು "ಉಸಿರು ಸಿಗವಲ್ದು" ಅನ್ನುವಾಗ ಎದೆಯಲ್ಲಿ ಗಾಳಿ ತುಂಬಿಕೊಂಡೇ ಇರುತ್ತದೆ.

ಈ ಎಳೆಗಳನ್ನು ದೇಹ ಮತ್ತೆ ನೇಯ್ದುಕೊಳ್ಳಲಾರದೆ? ಇದಕ್ಕೆ ಉತ್ತರ ದೊರೆತದ್ದು ಅಣುಬಾಂಬಿನಿಂದ! 1950-60ರ ದಶಕಗಳ ಪರೀಕ್ಷಾ ಸ್ಫೋಟಗಳಿಂದ ವಾತಾವರಣದಲ್ಲಿ ಕಾರ್ಬನ್-14ರ ಪ್ರಮಾಣ ಏರಿತು. ಆ ಬಳಿಕ ದೇಹದಲ್ಲಿ ಹೊಸದಾಗಿ ತಯಾರಾದ ಯಾವುದೇ ಪ್ರೋಟೀನಿನಲ್ಲಿ ಅದರ ಗುರುತಿರಬೇಕು. 1991ರಲ್ಲಿ ಅದೇ ಶಪೀರೊ ಮತ್ತು ಸಂಗಡಿಗರು ಮಾನವ ಶ್ವಾಸಕೋಶದ ಎಲಾಸ್ಟಿನ್‌ನಲ್ಲಿ ಈ ಗುರುತನ್ನು ಅಳೆದರು. ಫಲಿತಾಂಶ: ಎಲಾಸ್ಟಿನ್ ಹೆಚ್ಚುಕಡಿಮೆ ಆ ವ್ಯಕ್ತಿಯಷ್ಟೇ ಹಳೆಯದು. ಎಳೆವಯಸ್ಸಿನಲ್ಲಿ ನೇಯ್ದ ಬಟ್ಟೆಯನ್ನೇ ನಾವು ಕೊನೆಯವರೆಗೂ ಉಡುತ್ತೇವೆ.

ಈಗ ಬೆಲ್ಲಕ್ಕೆ ಬರೋಣ. ಆ ಹಿರಿಯರನ್ನು ನಾನು ಅಷ್ಟು ಹಗುರವಾಗಿ ತಳ್ಳಿಹಾಕಬಾರದಿತ್ತು. 1994ರಲ್ಲಿ ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ಸಾಹು ಮತ್ತು ಸಕ್ಸೇನಾ ಇದೇ ನಂಬಿಕೆಯನ್ನು ಇಲಿಗಳ ಮೇಲೆ ಪರೀಕ್ಷಿಸಿದ್ದರು. ಕಲ್ಲಿದ್ದಲು ಮತ್ತು ಸಿಲಿಕಾ ದೂಳು ಹೊಕ್ಕ ಇಲಿಗಳಿಗೆ ಬೆಲ್ಲ ಕೊಟ್ಟಾಗ, ಕಣಗಳು ಶ್ವಾಸಕೋಶದಿಂದ ಹತ್ತಿರದ ದುಗ್ಧಗ್ರಂಥಿಗಳಿಗೆ ಸಾಗುವುದು ಹೆಚ್ಚಿತ್ತೆಂದು ಅವರು ವರದಿ ಮಾಡಿದರು. ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ಕಣ ಸಾಗಿಸಿದ ಮಾತ್ರಕ್ಕೆ ಹರಿದ ಎಳೆ ಕೂಡುತ್ತದೆಯೆ? ಕೂಡುವುದಿಲ್ಲ. ಮಸಿ ಹೋದೀತು, ಹರಿದದ್ದು ಹೋಗದು. ಅಂದು ನಾನು ಕೊಡಬೇಕಾಗಿದ್ದ ಉತ್ತರ ಇದು.

"ಶಕ್ತಿ" ಎಂಬ ಪದದ ತೊಡಕು

ಎರಡನೆಯ ವಾಕ್ಯಕ್ಕೆ ಬರುತ್ತೇನೆ. ನಮ್ಮ ವಿಷಯದಲ್ಲಿ ಶಕ್ತಿ ಎಂಬುದು ಅದಿಶ ಪರಿಮಾಣ. ಅದಕ್ಕೆ ಅಳತೆಯಿದೆ, ದಿಕ್ಕಿಲ್ಲ. ಹೆಚ್ಚಾಗಬಹುದು ಇಲ್ಲವೆ ಕಡಿಮೆಯಾಗಬಹುದು, ಅಷ್ಟೆ. "ರೋಗನಿರೋಧಕ ಶಕ್ತಿ" ಎಂದ ಕೂಡಲೆ ಓದುಗರ ಮನಸ್ಸಿನಲ್ಲಿ ಮೂಡುವುದು ಟಾರ್ಚಿನ ಬ್ಯಾಟರಿ. ಸೇದಿದರೆ ಇಳಿಯುತ್ತದೆ, ಟಾನಿಕ್ ಕುಡಿದರೆ ಏರುತ್ತದೆ. 2020ರ ಕೊರೋನಾ ಕಾಲದಿಂದೀಚೆಗೆ ಈ ಬ್ಯಾಟರಿ ತುಂಬಿಸುವ ಪುಡಿ, ಕಷಾಯ, ಮಾತ್ರೆಗಳ ಜಾಹೀರಾತು ಎಲ್ಲ ಕಡೆ ಕಾಣುತ್ತದೆ. ಕೊಳ್ಳುವವರಲ್ಲಿ ಬೀಡಿ ಬಿಡದವರೂ ಇದ್ದಾರೆ. ಅವರ ಲೆಕ್ಕದಲ್ಲಿ ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮೆ.

ರೋಗಿಯ ಶ್ವಾಸಕೋಶದಲ್ಲಿ ಏನಿದೆ ನೋಡಿ. ನ್ಯೂಟ್ರೋಫಿಲ್ ಹೆಚ್ಚು. ಸಿಡಿ8 ಹೆಚ್ಚು. ಮ್ಯಾಕ್ರೋಫೇಜುಗಳ ಸಂಖ್ಯೆ ಹೆಚ್ಚು, ಆದರೆ ಬ್ಯಾಕ್ಟೀರಿಯ ನುಂಗುವ ಅವುಗಳ ಸಾಮರ್ಥ್ಯ ಕಡಿಮೆ. ಸತ್ತ ಜೀವಕೋಶಗಳನ್ನು ಎತ್ತಿಹಾಕುವ ಕೆಲಸವೂ ಹಿಂದೆ ಬಿದ್ದಿದೆ. ಆದ್ದರಿಂದಲೇ ಒಂದೇ ಎದೆಯಲ್ಲಿ ಸದಾ ಉರಿಯೂತವೂ ಇರುತ್ತದೆ, ಮೇಲಿಂದ ಮೇಲೆ ಸೋಂಕೂ ಬರುತ್ತದೆ. ಇದು ಹೆಚ್ಚೋ ಕಡಿಮೆಯೋ? ಪ್ರಶ್ನೆಯೇ ತಪ್ಪು. ಕಾವಲುಗಾರರು ಕಳ್ಳನನ್ನು ಬಿಟ್ಟು ಮನೆಯವರನ್ನು ಹೊಡೆಯುತ್ತಿದ್ದಾರೆ. ಅಲ್ಲಿ ಕೊರತೆಯಿರುವುದು ಬಲಕ್ಕಲ್ಲ, ದಿಕ್ಕಿಗೆ. ಇಂಥವರ ಕೈಗೆ ಇನ್ನೂ ನಾಲ್ಕು ಬಡಿಗೆ ಕೊಟ್ಟರೆ ಮನೆ ಉಳಿದೀತೆ?

ಹಾಗಾದರೆ ಪ್ರತಿರಕ್ಷೆಯನ್ನೇ ತಗ್ಗಿಸಿದರೆ ಸರಿಹೋಗುವುದೇ? ಅದೂ ಇಲ್ಲ. ಆಸ್ತಮಾದಲ್ಲಿ ಚೆನ್ನಾಗಿ ಕೆಲಸ ಮಾಡುವ ಸ್ಟೀರಾಯ್ಡುಗಳು ಈ ಕಾಯಿಲೆಯ ನ್ಯೂಟ್ರೋಫಿಲ್ ಉರಿಯೂತವನ್ನು ಹೆಚ್ಚು ತಣಿಸಲಾರವು. ಉಸಿರಿನ ಮೂಲಕ ಕೊಡುವ ಸ್ಟೀರಾಯ್ಡಿನಿಂದ ಇಂಥ ರೋಗಿಗಳಲ್ಲಿ ನ್ಯುಮೋನಿಯಾದ ಅಪಾಯ ಹೆಚ್ಚುವುದು ದೊಡ್ಡ ಪರೀಕ್ಷೆಗಳಲ್ಲಿ ಕಂಡಿದೆ. ಇಯೊಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ ಹೆಚ್ಚಿರುವವರಿಗೆ ಮಾತ್ರ ಅದರಿಂದ ಸ್ಪಷ್ಟ ಲಾಭ. ಆದ್ದರಿಂದ ವೈದ್ಯರು ರಕ್ತ ನೋಡಿ ಆರಿಸುತ್ತಾರೆ. ಇನ್ನು ಇನ್‌ಫ್ಲುಯೆಂಜಾ ಮತ್ತು ನ್ಯುಮೊಕಾಕಸ್ ಲಸಿಕೆಗಳು ಒಟ್ಟಾರೆ "ಶಕ್ತಿ" ಏರಿಸುವುದಿಲ್ಲ, ಒಂದು ಗೊತ್ತಾದ ಶತ್ರುವಿನ ಗುರುತನ್ನು ಕಲಿಸುತ್ತವೆ. ಉಪಯುಕ್ತವಾದದ್ದೆಲ್ಲ ಹೀಗೆ ನಿರ್ದಿಷ್ಟವಾದದ್ದು. ನಾವು ಬರೆಯುವವರು "ಪ್ರತಿರಕ್ಷೆ" ಎಂದೋ "ರಕ್ಷಣಾ ವ್ಯವಸ್ಥೆ" ಎಂದೋ ಬರೆದು, ಅದು "ದಾರಿ ತಪ್ಪುತ್ತದೆ" ಎಂದರೆ ಅರ್ಥ ಹೆಚ್ಚು ನಿಖರ. ಟಾನಿಕ್ಕಿನ ಅಂಗಡಿಗೂ ನಾವು ಗಿರಾಕಿ ಕಳಿಸಿದಂತಾಗುವುದಿಲ್ಲ.

ಬಿಟ್ಟರೆ ಏನು ಉಳಿಯುತ್ತದೆ?

ಹರಿದದ್ದು ಕೂಡುವುದಿಲ್ಲ ಎಂದರೆ, "ಇನ್ನು ಬಿಟ್ಟು ಏನು ಫಲ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಇದಕ್ಕೂ ಸುಳ್ಳು ಸಮಾಧಾನ ಹೇಳಬೇಕಾಗಿಲ್ಲ. 1977ರಲ್ಲಿ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಲಂಡನ್ನಿನ ಉದ್ಯೋಗಸ್ಥ ಪುರುಷರನ್ನು ಎಂಟು ವರ್ಷ ಅಳೆದು ಪ್ರಕಟಿಸಿದ ರೇಖಾಚಿತ್ರ ಇಂದಿಗೂ ಪ್ರಸಿದ್ಧ. ವಯಸ್ಸಾದಂತೆ ಎಲ್ಲರ ಉಸಿರಿನ ಸಾಮರ್ಥ್ಯವೂ ಇಳಿಯುತ್ತದೆ. ಹೊಗೆಗೆ ಬೇಗ ಬಲಿಯಾಗುವ ಧೂಮಪಾನಿಗಳಲ್ಲಿ ಇಳಿಜಾರು ಕಡಿದು. ಬಿಟ್ಟ ಮೇಲೆ ಕಳೆದುಹೋದದ್ದು ಬಹುಮಟ್ಟಿಗೆ ಹಿಂದಿರುಗುವುದಿಲ್ಲ, ಆದರೆ ಇಳಿಜಾರು ಸೇದದವರ ಇಳಿಜಾರಿಗೆ ಹತ್ತಿರವಾಗುತ್ತದೆ. 40ರಲ್ಲಿ ಬಿಟ್ಟವರಿಗೂ 60ರಲ್ಲಿ ಬಿಟ್ಟವರಿಗೂ ಇರುವ ವ್ಯತ್ಯಾಸ ಇದೇ: ಯಾವ ಎತ್ತರದಲ್ಲಿ ಬ್ರೇಕು ಹಾಕಿದಿರಿ ಎಂಬುದು.

ಪ್ರತಿರಕ್ಷೆಯ ವಿಷಯದಲ್ಲೂ ಉತ್ತರ ಎರಡು ಬಗೆಯದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು 1000 ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಧೂಮಪಾನದಿಂದ ಬದಲಾಗಿದ್ದ ಹುಟ್ಟು ಪ್ರತಿರಕ್ಷೆಯ ಪ್ರತಿಕ್ರಿಯೆ, ಬಿಟ್ಟವರಲ್ಲಿ ಬೇಗನೆ ಮೊದಲಿನಂತಾಗಿತ್ತು. ಟಿ-ಜೀವಕೋಶಗಳಂಥ ಕಲಿಕೆಯ ಪ್ರತಿರಕ್ಷೆಯಲ್ಲಿ ಆದ ಬದಲಾವಣೆ ವರ್ಷಗಳ ನಂತರವೂ ಉಳಿದಿತ್ತು. ಈ ಉಳಿಕೆಗೂ ಡಿ.ಎನ್.ಎ. ಮೇಲಿನ ರಾಸಾಯನಿಕ ಗುರುತುಗಳಿಗೂ ನಂಟು ಕಂಡುಬಂದಿತು. ಜೀವಕೋಶಗಳು ಹೊಗೆಯನ್ನು ನೆನಪಿಟ್ಟುಕೊಳ್ಳುತ್ತವೆ ಎನ್ನಬಹುದು. ಸಿ.ಓ.ಪಿ.ಡಿ. ಬಂದವರಲ್ಲಿ ಬೀಡಿ ಬಿಟ್ಟ ಮೇಲೂ ಉರಿಯೂತ ಪೂರ್ತಿ ಆರುವುದಿಲ್ಲ ಎಂಬುದೂ ಇದಕ್ಕೆ ಹೊಂದುತ್ತದೆ. "ಇಂತಿಷ್ಟು ದಿನದಲ್ಲಿ ಶ್ವಾಸಕೋಶ ಸ್ವಚ್ಛ" ಎಂಬ ಪಟ್ಟಿಗಳನ್ನು ಹಂಚುವಾಗ ಇದನ್ನು ನೆನಪಿಡಬೇಕು. ಪಾಠ ನಿರಾಶೆಯದಲ್ಲ, ಅವಸರದ್ದು.

ಒಲೆಯ ಮುಂದಿನವರು

ಬಾಟಲಿ ಪ್ರಯೋಗದ ಇನ್ನೊಂದು ಕೊರತೆಯನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಅದನ್ನು ನೋಡಿದ ಹೆಣ್ಣುಮಕ್ಕಳು "ಇದು ಗಂಡಸರ ಕಾಯಿಲೆ" ಎಂದುಕೊಂಡು ಮುಂದೆ ಹೋಗುತ್ತಾರೆ. 2016ರ ಅಂದಾಜಿನಂತೆ ಭಾರತದಲ್ಲಿ ಸುಮಾರು 5.5 ಕೋಟಿ ಜನಕ್ಕೆ ಸಿ.ಓ.ಪಿ.ಡಿ. ಇತ್ತು. ಈ ಕಾಯಿಲೆಯ ಹೊರೆಯಲ್ಲಿ ಶೇಕಡಾ 25ರಷ್ಟು ತಂಬಾಕಿನದಾದರೆ, ಶೇಕಡಾ 53ಕ್ಕೂ ಹೆಚ್ಚು ಮನೆಯ ಒಳಗಿನ ಮತ್ತು ಹೊರಗಿನ ವಾಯುಮಾಲಿನ್ಯದ್ದು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರಲ್ಲಿ ಇದನ್ನು ಅಳೆದರು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ಒಂದು ಸೂಚ್ಯಂಕ ಸಿಗುತ್ತದೆ. ಅದು 60 ದಾಟಿದಾಗ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಗಣನೀಯವಾಗುತ್ತದೆ ಎಂದು ಅವರು 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ: ಲೆಕ್ಕ ಮುಗಿಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ನಲವತ್ತು ತುಂಬುವ ಮೊದಲೇ ಈ ಗೆರೆ ದಾಟುತ್ತಾಳೆ. ಮ್ಯಾಕ್ರೋಫೇಜಿಗೆ ಬೀಡಿ ಹೊಗೆ, ಕಟ್ಟಿಗೆ ಹೊಗೆ ಎಂಬ ಭೇದ ಹೆಚ್ಚಿಲ್ಲ.

ಇಲ್ಲಿಯೇ ವಿಜ್ಞಾನದ ಒಂದು ಬಾಕಿಯನ್ನೂ ಗುರುತಿಸಬೇಕು. ಜೀವಕೋಶಗಳ ಬಗ್ಗೆ ಮೇಲೆ ಹೇಳಿದ ಅಧ್ಯಯನಗಳೆಲ್ಲ ಹೆಚ್ಚಾಗಿ ಯೂರೋಪು, ಅಮೆರಿಕಗಳ ಸಿಗರೇಟಿನವು. 2016-17ರ ಸಮೀಕ್ಷೆಯಂತೆ ಭಾರತದಲ್ಲಿ ಬೀಡಿ ಸೇದುವವರು ಶೇಕಡಾ 7.7, ಸಿಗರೇಟು ಸೇದುವವರು ಶೇಕಡಾ 4. ಬೀಡಿಯಲ್ಲಿ ತಂಬಾಕು ಕಡಿಮೆಯಾದರೂ, ಎಲೆಯ ಸುತ್ತಿನಲ್ಲಿ ಗಾಳಿಯಾಡುವುದಿಲ್ಲ. ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಟಾರು, ಕಾರ್ಬನ್ ಮಾನಾಕ್ಸೈಡು ಸಿಗರೇಟಿಗಿಂತ ಕಡಿಮೆ ಇರುವುದಿಲ್ಲ. ಬೀಡಿ ಮತ್ತು ಒಲೆ ಎರಡೂ ಸೇರಿದ ನಮ್ಮ ಎದೆಗಳಲ್ಲಿ ಈ ಜೀವಕೋಶಗಳ ನಡತೆಯನ್ನು ಅಳೆಯುವ ಕೆಲಸ ನಮ್ಮ ವೈದ್ಯಕೀಯ ಕಾಲೇಜುಗಳದ್ದು.

ಹಾಗಾದರೆ ಬಾಟಲಿಯನ್ನು ಎಸೆಯೋಣವೇ? ಬೇಡ. ಮಕ್ಕಳು ಅದರಿಂದ ವಾಯುಭಾರ ಕಲಿಯುತ್ತಾರೆ, ಹೊಗೆಯ ಕಣಗಳನ್ನು ಕಣ್ಣಾರೆ ಕಾಣುತ್ತಾರೆ. ಪಕ್ಕದಲ್ಲಿ ಇನ್ನೆರಡು ವಸ್ತು ಇಡಿ. ಒಂದು ಹೊಸ ರಬ್ಬರ್ ಬ್ಯಾಂಡು, ಒಂದು ಎಳೆದೆಳೆದು ಸೋತದ್ದು. ಎರಡನ್ನೂ ಎಳೆದು ಬಿಡಿಸಿ ತೋರಿಸಿ. ಸೋತದ್ದನ್ನು ಎಷ್ಟು ತೊಳೆದರೂ ಅದು ಮೊದಲಿನಂತೆ ಕುಗ್ಗದು ಎಂದು ಹೇಳಿ. ಆಮೇಲೆ ಒಂದು ಗಡಿಯಾರ. ಪೂರ್ತಿ ಉಸಿರೆಳೆದು, ಬಾಯಿ ತೆರೆದು, ಜೋರಾಗಿ ಎಲ್ಲವನ್ನೂ ಹೊರಹಾಕಲಿ. ಆರು ಸೆಕೆಂಡು ಕಳೆದರೂ ಗಾಳಿ ಬರುತ್ತಲೇ ಇದ್ದರೆ ಅಂಥವರು ಸ್ಪೈರೋಮೀಟರ್ ಇರುವ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಗಡಿಯಾರ ರೋಗ ನಿರ್ಧರಿಸುವುದಿಲ್ಲ, ದಾರಿ ತೋರಿಸುತ್ತದೆ. ಸ್ಪೈರೋಮೀಟರಿನಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಒಟ್ಟು ಗಾಳಿಯ ಶೇಕಡಾ 70ಕ್ಕಿಂತ ಕಡಿಮೆಯಿದ್ದು, ಉಸಿರುನಾಳ ಹಿಗ್ಗಿಸುವ ಔಷಧದ ನಂತರವೂ ಹಾಗೆಯೇ ಉಳಿದರೆ ಅಡಚಣೆ ಖಚಿತ.

ಮುಂದಿನ ಫೆಬ್ರವರಿಯಲ್ಲಿ ನಮ್ಮ ಮೇಜಿನ ಮೇಲೆ ಈ ಮೂರೂ ಇರುತ್ತವೆ. ಆ ಹಿರಿಯರು ಬಂದರೆ ಹೇಳಬೇಕೆಂದಿದ್ದೇನೆ: "ಬೆಲ್ಲ ತಿನ್ರಿ ಯಜಮಾನ್ರ, ಬಾಯಿ ಸಿಹಿ ಆಗತೈತಿ. ಆದ್ರ ಎದಿಯಾಗ ಬರೇ ಮಸಿ ಇಲ್ರಿ. ಹೊಗಿ ಒಳಗ ಹೋದಾಗೆಲ್ಲ ನಿಮ್ಮ ಕಾವಲುಗಾರರ ನಿಮ್ಮ ಮನಿ ಹರೀತಾರ. ಇವತ್ತ ಬಿಟ್ರ, ಉಳದದ್ದು ಉಳೀತೈತಿ."